ನಿರಾಕರಣೆಗೂ ಕಾರಣ ಬೇಕು

ಮಿರ್ಜಾನಿನ ಬಳಿ ಅಘನಾಶಿನಿಯನ್ನೂ ಹೊನ್ನಾವರದ ಬಳಿ ಶರಾವತಿಯನ್ನೂ ದಾಟಿ, ಮಂಕಿ, ಮುರ್ಡೇಶ್ವರಗಳ ಮಗ್ಗುಲಲ್ಲಿ ಸಾಗಿ, ನಮ್ಮ ಶಿರಾಲಿಯ ಪೇಟೆಯನ್ನು ಎರಡಾಗಿ ಸೀಳಿಕೊಂಡು ಭಟ್ಕಳದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66, ಅದಕ್ಕೆ 17 ಎಂಬ ಸಂಖ್ಯೆಯಿದ್ದ ಕಾಲಕ್ಕಿಂತ ಅಗಲವಾಗಿದೆ, ನುಣುಪಾಗಿದೆ, ಮತ್ತು ಅದೇ ಕಾರಣದಿಂದ ಹೆಚ್ಚು ಭಯಾವಹವೂ ಆಗಿದೆ. ಮಳೆಗಾಲದ ರಾತ್ರಿಗಳಲ್ಲಿ ಗದ್ದೆಯ ಕೆಸರಿನಿಂದಲೂ ಸೊಳ್ಳೆಗಳ ಬಾಧೆಯಿಂದಲೂ ತಪ್ಪಿಸಿಕೊಂಡು ದನಗಳು ಡಾಂಬರಿನ ಮೇಲೆ ಬಂದು ಮಲಗುತ್ತವೆ. ಎದುರು ವಾಹನದ ದೀಪ ಕಣ್ಣಿಗೆ ಹೊಡೆದ ಕ್ಷಣದಲ್ಲಿ ಅವು ಚಾಲಕನ ಕಣ್ಣಿಗೆ ಬೀಳುವುದೇ ಇಲ್ಲ. ಅಪಘಾತಗಳ ವಿಷಯವಾಗಿ ಈ ಪತ್ರಿಕೆಯಲ್ಲಿ ಆಗಾಗ ಬರೆದವರುಂಟು. ನಾನು ಬರೆಯಹೊರಟಿರುವುದು ಅಪಘಾತ ಮುಗಿದ ಮೇಲೆ, ಮೈಯ ಗಾಯ ಮಾಯುವ ಹೊತ್ತಿಗೆ, ಗೃಹಸ್ಥನ ಮನೆಗೆ ಅಂಚೆಯಲ್ಲಿ ಬರುವ ಎರಡನೆಯ ಆಘಾತದ ವಿಷಯವಾಗಿ.

ನಮ್ಮ ನೆರೆಯವರೊಬ್ಬರ ಕಾರು ಹೀಗೆಯೇ ಒಂದು ಆಷಾಢದ ರಾತ್ರಿ ದನವೊಂದನ್ನು ತಪ್ಪಿಸಲು ಹೋಗಿ ರಸ್ತೆ ವಿಭಜಕದ ಕಲ್ಲನ್ನು ಹತ್ತಿತು. ಮುಂಭಾಗ ಜಜ್ಜಿಹೋಗಿ, ಅಡಿಯ ಆಯಿಲ್ ಚೇಂಬರ್ ಒಡೆಯಿತು. ಹಿಂದಿನಿಂದ ಲಾರಿಗಳು ಬರುತ್ತಿದ್ದುದರಿಂದ ಅವರು ಕಾರನ್ನು ಹೇಗೋ ಬದಿಗೆ ಸರಿಸಿ, ಕತ್ತಲಲ್ಲಿ ಇತರರಿಗೆ ಕಾಣಲೆಂದು ದೀಪ ಉರಿಸಿ, ಎಂಜಿನನ್ನು ಚಾಲೂ ಇಟ್ಟು, ಸಹಾಯಕ್ಕೆ ಕಾಯುತ್ತ ನಿಂತರು. ಸುರಿಯುವ ಮಳೆಯಲ್ಲಿ ಆಯಿಲ್ ಸೋರಿ ನೀರಿನೊಡನೆ ಹರಿದುಹೋಗುತ್ತಿದ್ದುದು ಅವರಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಂಜಿನ್ ಸೀಜ್ ಆಯಿತು. ವಾಹನಗಳ ಮರ್ಮ ಬಲ್ಲವನಾಗಿದ್ದರೆ ಎಂಜಿನನ್ನು ಒಡನೆಯೇ ಆರಿಸುತ್ತಿದ್ದನೆಂಬುದು ನಿಜ. ಆದರೆ ಆ ಘಳಿಗೆಯಲ್ಲಿ, ಪಕ್ಕದಲ್ಲಿ ನಡುಗುತ್ತ ಕುಳಿತ ಹೆಂಡತಿ ಮಕ್ಕಳನ್ನು ಇಳಿಸಿಕೊಳ್ಳುವ ಗಡಿಬಿಡಿಯಲ್ಲಿ, ಎಷ್ಟು ಮಂದಿಗೆ ಆ ವಿವೇಕ ಒದಗೀತು? ಕೆಲವು ವಾರಗಳ ನಂತರ ವಿಮಾ ಕಂಪನಿಯಿಂದ ಇಂಗ್ಲಿಷಿನಲ್ಲಿ ಎರಡೇ ಸಾಲಿನ ಪತ್ರ ಬಂತು: ಎಂಜಿನ್ನಿನ ಹಾನಿ ಅಪಘಾತದಿಂದಾದದ್ದಲ್ಲ, ಮಾಲೀಕರ ಅಜಾಗರೂಕತೆಯಿಂದಾದದ್ದು, ಆ ಭಾಗದ ಕ್ಲೇಮನ್ನು ತಿರಸ್ಕರಿಸಲಾಗಿದೆ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂಬುದಾಗಲಿ, ಸ್ಥಳ ಪರೀಕ್ಷಿಸಿದ ಸರ್ವೆಯರರು ಏನು ಬರೆದರೆಂಬುದಾಗಲಿ ಅದರಲ್ಲಿರಲಿಲ್ಲ.

ಕಂಪನಿ ಇಲ್ಲವೆಂದಿತೆಂಬುದಕ್ಕೆ ನನ್ನ ಆಕ್ಷೇಪವಿಲ್ಲ. ಅಪಘಾತದ ತರುವಾಯ ವಾಹನವನ್ನು ರಕ್ಷಿಸಿಕೊಳ್ಳಲು ಮಾಲೀಕನು ಯುಕ್ತವಾದ ಎಚ್ಚರ ವಹಿಸಬೇಕೆಂಬ ಷರತ್ತು ಪಾಲಿಸಿಯಲ್ಲಿದೆ. ಅದು ಅನ್ಯಾಯದ ಷರತ್ತೂ ಅಲ್ಲ. ಕಾರಣವನ್ನು ಬಚ್ಚಿಟ್ಟುಕೊಂಡು ಇಲ್ಲವೆನ್ನುವುದನ್ನು ಮಾತ್ರ ಸಹಿಸಲಾಗದು. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ 2024ರ ಜೂನ್ ತಿಂಗಳ ಸುತ್ತೋಲೆಯ ಪ್ರಕಾರ 24 ಗಂಟೆಗಳೊಳಗೆ ಸರ್ವೆಯರರ ನೇಮಕವಾಗಬೇಕು, 15 ದಿನಗಳಲ್ಲಿ ವರದಿ ಬರಬೇಕು, ವರದಿ ಕೈಸೇರಿದ 7 ದಿನಗಳಲ್ಲಿ ಕಂಪನಿ ತನ್ನ ತೀರ್ಮಾನವನ್ನು ತಿಳಿಸಬೇಕು. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕೆಂಬುದು ಅದಕ್ಕಿಂತ ಹಳೆಯ ನಿಯಮ. ನೆರೆಯವರು ಪಟ್ಟು ಹಿಡಿದು ಸರ್ವೆಯರರ ವರದಿಯ ಪ್ರತಿಯನ್ನು ತರಿಸಿಕೊಂಡರು. ಚೇಂಬರ್ ಒಡೆದದ್ದು ಕಲ್ಲಿನ ಹೊಡೆತಕ್ಕೇ ಎಂದೂ, ಮಳೆಯಿಂದಾಗಿ ಸೋರಿಕೆ ಗೋಚರಿಸುವಂತಿರಲಿಲ್ಲವೆಂದೂ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು! ಕಂಪನಿಯ ಪತ್ರವು ತನ್ನದೇ ಸರ್ವೆಯರರ ಮಾತನ್ನು ಅಲಕ್ಷಿಸಿತ್ತು. ಆ ಒಂದು ಕಾಗದ ಕೈಗೆ ಬಂದ ಮೇಲೆ ವ್ಯವಹಾರದ ಸ್ವರವೇ ಬದಲಾಗಿ, ಎಂಜಿನ್ನಿನ ವೆಚ್ಚದ ಬಹುಭಾಗ ಅವರಿಗೆ ದೊರೆಯಿತು.

ವರದಿ ಪ್ರತಿಕೂಲವಾಗಿದ್ದರೂ ಧೈರ್ಯಗೆಡಬೇಕಿಲ್ಲ. ಸರ್ವೆಯರರ ವರದಿ ಮುಖ್ಯವಾದರೂ ಅದೇ ಅಂತಿಮ ವಾಕ್ಯವಲ್ಲವೆಂದು 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ತಡವಾಗಿ ತಿಳಿಸಿದಿರಿ ಎಂಬ ಕಾರಣವೂ ನಮ್ಮ ಕಡೆ ಆಗಾಗ ಕೇಳಿಬರುತ್ತದೆ. 2022ರ ಆಗಸ್ಟ್ ಮೊದಲ ವಾರದ ಮಹಾವೃಷ್ಟಿಯಲ್ಲಿ ಭಟ್ಕಳ ಪೇಟೆ ಜಲಾವೃತವಾಗಿ, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಅಸುನೀಗಿದಾಗ, ಮತ್ತೆ 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಇಳಿದು ಸಂಚಾರ ಸ್ತಬ್ಧವಾದಾಗ, ವಿದ್ಯುತ್ತೂ ಫೋನೂ ಇಲ್ಲದ ಮನೆಯವನು ಗಳಿಗೆ ನೋಡಿ ಕಂಪನಿಗೆ ವರದಿ ಮಾಡುವುದು ಸಾಧ್ಯವೆ? ನೈಜವಾದ ಕ್ಲೇಮನ್ನು ವಿಳಂಬವೊಂದರ ನೆಪದಿಂದಲೇ ತಳ್ಳಿಹಾಕಕೂಡದೆಂದು ಪ್ರಾಧಿಕಾರ 2011ರ ಸೆಪ್ಟೆಂಬರಿನಲ್ಲಿಯೇ ಸೂಚಿಸಿತ್ತು. 2017ರಲ್ಲಿ ಓಂ ಪ್ರಕಾಶ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಕಂಪನಿಗಳ ಪಕ್ಷದಲ್ಲಿ ಹೇಳಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಕುಡಿದು ಓಡಿಸಿದವನಿಗೆ, ಲೈಸೆನ್ಸು ಇಲ್ಲದವನ ಕೈಗೆ ಕೀ ಕೊಟ್ಟವನಿಗೆ ವಿಮೆಯ ರಕ್ಷೆ ಸಿಗಬಾರದು. ನೆರೆಯ ನೀರಿನಲ್ಲಿ ನಿಂತ ಕಾರನ್ನು ಅವಸರದಿಂದ ಸ್ಟಾರ್ಟ್ ಮಾಡಿ ಎಂಜಿನ್ ಕೆಡಿಸಿಕೊಂಡರೆ, ಅದಕ್ಕೆಂದು ಪ್ರತ್ಯೇಕ ರಕ್ಷೆ ಪಡೆಯದ ಸಾಮಾನ್ಯ ಪಾಲಿಸಿಯಿಂದ ಹಣ ಬರುವುದು ಕಷ್ಟ. ಪ್ಲಾಸ್ಟಿಕ್ ಬಂಪರು, ಟೈರು, ಬ್ಯಾಟರಿಗಳಿಗೆ ಅರ್ಧ ಬೆಲೆಯನ್ನು ಸವಕಳಿಯೆಂದು ಕಳೆಯುವುದು ಮೋಸವಲ್ಲ. ಅದು ಪಾಲಿಸಿಯಲ್ಲೇ ಬರೆದಿರುವ ಲೆಕ್ಕ. ಗ್ಯಾರೇಜಿನ ಎಸ್ಟಿಮೇಟಿನಲ್ಲಿ ಹಳೆಯ ತಗ್ಗುಗಳನ್ನೂ ಸೇರಿಸಿ ಬರೆಸುವವರು ನಮ್ಮಲ್ಲಿ ಇಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಒಬ್ಬನ ಕಪಟಕ್ಕಾಗಿ ಹತ್ತು ಜನ ಪ್ರಾಮಾಣಿಕರನ್ನು ಶಂಕಿತರಂತೆ ಕಾಣುವುದು ನ್ಯಾಯವಾಗದು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ನೋಯಿಸುವುದು ಡಿಸ್ಚಾರ್ಜ್ ವೋಚರು. ತಿಂಗಳುಗಟ್ಟಲೆ ಅಲೆದು ದಣಿದವನ ಮುಂದೆ, ಅವನು ಕೇಳಿದ ಮೊತ್ತದ ಅರ್ಧವನ್ನು ತೋರಿಸಿ, ಇದೇ ಪೂರ್ಣ ಮತ್ತು ಅಂತಿಮ ಪರಿಹಾರವೆಂದು ಒಪ್ಪಿದರೆ ನಾಳೆಯೇ ಖಾತೆಗೆ ಹಣ ಎಂದು ಹೇಳಿ ಒಂದು ಕಾಗದವನ್ನಿಡುತ್ತಾರೆ. ಗ್ಯಾರೇಜಿನವನ ಬಾಕಿ, ಕಾರಿಲ್ಲದೆ ನಿಂತುಹೋದ ದುಡಿಮೆ, ಬ್ಯಾಂಕಿನ ಕಂತು, ಇಷ್ಟೂ ಬೆನ್ನಮೇಲಿರುವ ಮನುಷ್ಯ ಸಹಿ ಹಾಕುತ್ತಾನೆ. ಅದು ಸಮ್ಮತಿಯಲ್ಲ, ಆಯಾಸ. ಒತ್ತಾಯಕ್ಕೋ ವಂಚನೆಗೋ ಒಳಗಾಗಿ ಹಾಕಿದ ಇಂತಹ ಸಹಿಯು ಗ್ರಾಹಕನ ಹಕ್ಕನ್ನು ಕಸಿಯಲಾರದೆಂದು 1999ರ ಅಜ್ಮೇರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಆದರೆ ಒತ್ತಾಯವನ್ನು ರುಜುವಾತು ಮಾಡುವ ಭಾರ ಸಹಿ ಹಾಕಿದವನ ಮೇಲೆಯೇ ಬೀಳುತ್ತದೆ. ಆದ್ದರಿಂದ ಹಣ ತೆಗೆದುಕೊಳ್ಳಲೇಬೇಕಾದ ಅನಿವಾರ್ಯವಿದ್ದರೆ, ಉಳಿದ ಮೊತ್ತದ ಹಕ್ಕನ್ನು ಬಿಟ್ಟುಕೊಡದೆ ಆಕ್ಷೇಪಣೆಯೊಡನೆ ಸ್ವೀಕರಿಸಿದ್ದೇನೆಂದು ಬರೆದು, ಅದರ ಪ್ರತಿಯನ್ನಿಟ್ಟುಕೊಳ್ಳುವುದು ಲೇಸು.

ದಾರಿಗಳು ಇಲ್ಲದಿಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು ಒಂದು ತಿಂಗಳು ಕಾಯಬೇಕು. ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿಗಳವರೆಗಿನ ವಿವಾದಗಳನ್ನು ಅವರು ವಿಚಾರಿಸುತ್ತಾರೆ, ಮತ್ತು ಅವರ ತೀರ್ಪಿಗೆ ಕಂಪನಿ ಬದ್ಧ. ಅದು ಬೇಡವೆಂದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯಿದೆಯ ಪ್ರಕಾರ ಎರಡು ವರ್ಷಗಳೊಳಗೆ, ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು, ಕಟ್ಟಿದ ಪ್ರೀಮಿಯಂ 5 ಲಕ್ಷವನ್ನು ಮೀರದಿದ್ದರೆ ಅಲ್ಲಿಯೂ ಶುಲ್ಕವಿಲ್ಲ. ಇವೆಲ್ಲ ಉತ್ತಮ ವ್ಯವಸ್ಥೆಗಳೇ. ಆದರೆ ಶಿರಾಲಿಯಿಂದ ಕಾರವಾರಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರು. ಒಂದು ವಾಯಿದೆಗೆ ಒಂದು ದಿನದ ದುಡಿಮೆ ಹೋಗುತ್ತದೆ.

ಪಾಲಿಸಿ ಮಾರುವ ಏಜೆಂಟರು ಮನೆಯ ಜಗಲಿಗೆ ಬಂದು ಕನ್ನಡದಲ್ಲಿ, ಕೊಂಕಣಿಯಲ್ಲಿ, ನವಾಯತಿಯಲ್ಲಿ ಮಾತಾಡುತ್ತಾರೆ. ಹಾಗಿರುವಾಗ ಕ್ಲೇಮನ್ನು ತಿರಸ್ಕರಿಸುವ ಪತ್ರವೂ ಕನ್ನಡದಲ್ಲಿರಬೇಕು, ಷರತ್ತಿನ ಸಂಖ್ಯೆ ಅದರಲ್ಲಿ ನಮೂದಾಗಿರಬೇಕು, ಸರ್ವೆಯರರ ವರದಿ ಕೇಳದೆಯೇ ಅದರೊಡನೆ ಬರಬೇಕು. ಲೋಕಪಾಲರು ವರ್ಷಕ್ಕೆ ಒಂದೆರಡು ಬಾರಿಯಾದರೂ ಕುಮಟಾದಲ್ಲೋ ಹೊನ್ನಾವರದಲ್ಲೋ ಕುಳಿತು ಕರಾವಳಿಯ ದೂರುಗಳನ್ನು ಕೇಳಬೇಕು. ನಮ್ಮ ಶಾಸಕರೂ ಸಂಸದರೂ ಹೆದ್ದಾರಿಯ ಕಾಮಗಾರಿಯ ವಿಷಯದಲ್ಲಿ ತೋರುವ ಆಸಕ್ತಿಯ ಒಂದಂಶವನ್ನು ಈ ಬೇಡಿಕೆಯ ಕಡೆಗೂ ಹರಿಸಿ, ಮುಂದಿನ ಮಳೆಗಾಲಕ್ಕೆ ಮೊದಲೇ ಪ್ರಾಧಿಕಾರಕ್ಕೆ ಬರೆಯಲೆಂದು ನಾನು ಅವರನ್ನು ಬಹಿರಂಗವಾಗಿ ಕೇಳಿಕೊಳ್ಳುತ್ತೇನೆ.