ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹಂಪಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆ ನಿಮಗೆಲ್ಲ ಗೊತ್ತು. ಪ್ರವಾಸದ ಬಗ್ಗೆ ಪ್ರಬಂಧ ಬರೆಯುವಾಗ ನಾವು ಮೊದಲು ಬರೆಯುವುದು ಇದನ್ನೇ. ಆದರೆ ಸುತ್ತಿ ಬಂದರೆ ಸಾಲದು, ಬಂದ ಮೇಲೆ ಯಾರ ಕೂಡ ಆದರೂ ಮಾತಾಡಬೇಕು, ಇಲ್ಲದಿದ್ದರೆ ನೋಡಿದ್ದು ಮರೆತು ಹೋಗುತ್ತದೆ ಎಂದು ನನ್ನ ಅಭಿಪ್ರಾಯ. ಗುರುತಿಲ್ಲದವರ ಕೂಡ ಮಾತಾಡಿದರೆ ಇನ್ನೂ ಚಲೋ. ಯಾಕೆ ಎಂದು ಹೇಳುತ್ತೇನೆ.

ದಸರಾ ರಜೆಯಲ್ಲಿ ನಾನು ಮತ್ತು ಅವ್ವ ಗದಗಕ್ಕೆ ಹೋಗಲು ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಕುಳಿತಿದ್ದೆವು. ಮಗ್ಗಲಿಗೆ ರುಮಾಲು ಸುತ್ತಿದ ಒಬ್ಬ ಅಜ್ಜಾರು ಬಂದು ಕುಳಿತರು. “ಯಾವೂರವಾ ತಂಗಿ?” ಎಂದು ಕೇಳಿದರು. ನಾನು ಅವ್ವನ ಮುಖ ನೋಡಿದೆ. ಅವ್ವ ಹೇಳು ಅಂದಂಗ ತಲೆ ಆಡಿಸಿದಳು. “ಇಲ್ಲೇ ರೀ” ಎಂದೆ.

“ನಮ್ದು ಕಮಲಾಪುರ. ಹಂಪಿ ಬಾಜೂಕ. ಹಂಪಿ ನೋಡೀಯೇನು?”

“ನೋಡೇನ್ರಿ. ನಾಕನೇ ಕ್ಲಾಸ್ ಇದ್ದಾಗ ನಮ್ಮಜ್ಜ ಕರಕೊಂಡ ಹೋಗಿದ್ದ. ಕಲ್ಲಿನ ರಥ ನೋಡೇನಿ.”

ಖರೆ ಹೇಳಬೇಕೆಂದರೆ ನನಗೆ ನೆನಪಿದ್ದದ್ದು ಅಷ್ಟೇ. ಅಜ್ಜಾರು ನಕ್ಕರು. “ರಥ 50 ರೂಪಾಯಿ ನೋಟಿನ್ಯಾಗೂ ಐತಿ. ವಿರೂಪಾಕ್ಷನ ಗುಡಿಯೊಳಗ ಗೋಪುರದ ನೆರಳು ತಲಿಕೆಳಗಾಗಿ ಬೀಳ್ತೈತಿ. ಅದನ್ನ ನೋಡಿಯೋ ಇಲ್ಲೋ?”

ಒಮ್ಮೆಲೇ ಎಲ್ಲಾ ನೆನಪಾಯಿತು. ಕತ್ತಲೆ ಇದ್ದ ಜಾಗ, ಗೋಡೆಯ ಮೇಲೆ ತಲೆಕೆಳಗಾಗಿ ನಿಂತ ಗೋಪುರ. ಸಣ್ಣ ಕಿಂಡಿಯಿಂದ ಬೆಳಕು ನೇರವಾಗಿ ಒಳಗೆ ಬರುವುದರಿಂದ ಹಾಗೆ ಕಾಣುತ್ತದೆ ಎಂದು ಈಗ ವಿಜ್ಞಾನ ಓದಿ ನನಗೆ ತಿಳಿದಿದೆ. ಆವತ್ತು ತಿಳಿದಿರಲಿಲ್ಲ. ನಮ್ಮಜ್ಜನಿಗೂ ತಿಳಿದಿರಲಿಲ್ಲ. ಅವನು ಅದನ್ನು ಸರಿಯಾಗಿ ನೋಡಬೇಕೆಂದು ತಾನೇ ಬಗ್ಗಿ ತಲೆ ಕೆಳಗೆ ಮಾಡಿದ. ಟೋಪಿಗೆ ಬಿತ್ತು. ನಿಂತ ಮಂದಿಯೆಲ್ಲ ನಕ್ಕರು.

ಇದನ್ನು ಹೇಳುವಾಗ ಅವ್ವನೂ ನಕ್ಕಳು. “ಊರಿಗೆ ಬಂದ ಮ್ಯಾಲೂ ಒಂದ ವಾರ ಕಟ್ಟೀ ಮ್ಯಾಲೆ ಎಲ್ಲಾರಿಗೂ ಬಗ್ಗಿ ಬಗ್ಗಿ ತೋರಸ್ತಿದ್ದ ನಮ್ಮಪ್ಪ” ಎಂದಳು. ಅಜ್ಜ ತೀರಿಕೊಂಡು ಎರಡು ವರ್ಷ ಆಯಿತು. ಅವನ ಮಾತು ಬಂದರೆ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ಅದಕ್ಕೇ ನಾವೂ ತೆಗೆಯುತ್ತಿರಲಿಲ್ಲ. ಮನೆಯವರಿಗೆ ಎಲ್ಲಾ ಗೊತ್ತಿರುತ್ತದೆ, ಆದ್ದರಿಂದ ಯಾರೂ ಕೇಳುವುದಿಲ್ಲ. ಗುರುತಿಲ್ಲದವರಿಗೆ ಏನೂ ಗೊತ್ತಿರುವುದಿಲ್ಲ, ಆದ್ದರಿಂದ ಕೇಳುತ್ತಾರೆ. ಅವರಿಗೆ ಮೊದಲಿನಿಂದ ಹೇಳಬೇಕಾಗುತ್ತದೆ. ಹೇಳುತ್ತಾ ನಮಗೇ ನೆನಪಾಗುತ್ತದೆ.

ಆಮೇಲೆ ಅಜ್ಜಾರು, ತಾವು ಹುಡುಗರಿದ್ದಾಗ ಡಂಬಳದ ದೊಡ್ಡಬಸಪ್ಪನ ಗುಡಿಯ ಸುತ್ತ ತಿರುಗಿ ಮೂಲೆ ಎಣಿಸಿದ್ದನ್ನು ಹೇಳಿದರು. ಆ ಗುಡಿ ಚಾಲುಕ್ಯರ ಕಾಲದ್ದು, 12ನೇ ಶತಮಾನದ್ದು. ನಕ್ಷತ್ರದ ಆಕಾರದಲ್ಲಿದ್ದು 24 ಮೂಲೆಗಳಿವೆ. “ನೀ ಎಣಿಸೀಯೇನು?” ಎಂದರು. ನನಗೆ ನಾಚಿಕೆಯಾಯಿತು. ಡಂಬಳ ನಮ್ಮ ತಾಲೂಕಿನದೇ. ಗದಗಕ್ಕೆ ಹೋಗುವಾಗ ಪ್ರತಿ ಸಲ ಅದೇ ಊರು ದಾಟುತ್ತೇವೆ. ಆದರೂ ನಾನು ಇಳಿದು ನೋಡಿಲ್ಲ.

ಗುರುತಿಲ್ಲದವರ ಕೂಡ ಮಾತಾಡಬಾರದು ಎಂದು ದೊಡ್ಡವರು ಹೇಳುತ್ತಾರೆ. ಅದು ಸುಳ್ಳಲ್ಲ. ಒಬ್ಬರೇ ಇದ್ದಾಗ ಮಾತಾಡಬಾರದು, ಅವರು ಕೊಟ್ಟದ್ದು ತಿನ್ನಬಾರದು, ಅವರ ಹಿಂದೆ ಹೋಗಬಾರದು. ಆದರೆ ಅವ್ವ ಅಪ್ಪ ಮಗ್ಗಲಲ್ಲೇ ಇದ್ದಾಗ ಊರು ಕೇರಿ ಮಾತಾಡಿದರೆ ಏನು ತಪ್ಪು? ಈಗ ಬಸ್ಸಿನಲ್ಲಿ ಎಲ್ಲರೂ ಮೊಬೈಲ್ ನೋಡುತ್ತಾರೆ. ಮೊಬೈಲಿನಲ್ಲಿ ಹಂಪಿಯ ಫೋಟೋ ಸಿಗುತ್ತದೆ, ನಮ್ಮಜ್ಜನ ಟೋಪಿಗೆ ಬಿದ್ದದ್ದು ಸಿಗುವುದಿಲ್ಲ.

ಗೆಳೆಯ ಗೆಳತಿಯರೇ, ಮುಂದಿನ ಸಲ ಬಸ್ಸಿನಲ್ಲಿ ಯಾರಾದರೂ ಅಜ್ಜ ಅಮ್ಮ “ಯಾವೂರು?” ಎಂದು ಕೇಳಿದರೆ ಸುಮ್ಮನೆ ಕೂಡಬೇಡಿರಿ. ಗುರುಗಳಲ್ಲಿ ನನ್ನದೊಂದು ವಿನಂತಿ. ಈ ವರ್ಷದ ಪ್ರವಾಸಕ್ಕೆ ದೂರದ ಊರು ಬೇಡ, ನಮ್ಮನ್ನು ಡಂಬಳಕ್ಕೆ ಕರೆದುಕೊಂಡು ಹೋಗಿರಿ. ಮೂಲೆ ಎಣಿಸಬೇಕಾಗಿದೆ.

– 7ನೇ ತರಗತಿಯ ವಿದ್ಯಾರ್ಥಿನಿ