ಸವಕಳಿಯ ಲೆಕ್ಕ

ಕಳೆದ ತಿಂಗಳ ಸಾಹಿತ್ಯ ಕೂಟದ ಸಭೆಯಲ್ಲಿ ಗೆಳೆಯರೊಬ್ಬರು ಜೀನ್ಸಿನ ವ್ಯಾಮೋಹದ ಮೇಲೆ ಪ್ರಬಂಧ ಓದಿದ್ದು ನಿಮಗೆ ನೆನಪಿರಬಹುದು. ಜೀನ್ಸ್ ಎಂಬುದು ಪಾಶ್ಚಾತ್ಯರ ಅಂಧಾನುಕರಣೆ, ನಮ್ಮ ಯುವಜನಾಂಗದ ಗುಲಾಮಗಿರಿಯ ಗುರುತು ಎಂದು ಅವರು ಗುಡುಗಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ತಟ್ಟಿದವರಲ್ಲಿ ಮುಕ್ಕಾಲು ಪಾಲು ಜನ ಜೀನ್ಸಿನಲ್ಲೇ ಇದ್ದೆವು, ಪ್ರಬಂಧ ಓದಿದವರೂ ಸೇರಿ! ಆ ದಿನ ಸಮಯ ಸಾಲದೆ ಹೇಳದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಗೆಳೆಯರು ಕೋಪಿಸಿಕೊಳ್ಳಬಾರದು.

ಮೊದಲನೆಯದಾಗಿ, ಜೀನ್ಸ್ ಪೂರ್ತಿ ಪರದೇಶದ್ದು ಎಂಬುದೇ ಸರಿಯಲ್ಲ. ದಪ್ಪ ಬಟ್ಟೆಗೆ ಇಂಗ್ಲಿಷಿನವರು ಹೇಳುವ ಡಂಗ್ರೀ ಎಂಬ ಶಬ್ದ ಮುಂಬಯಿಯ ಡೋಂಗ್ರಿಯಿಂದ ಹೋದದ್ದು. ಅದರ ನೀಲಿಗೆ ಅವರಿಟ್ಟ ಇಂಡಿಗೋ ಎಂಬ ಹೆಸರಿನಲ್ಲೇ ಇಂಡಿಯಾ ಉಂಟು. ಆ ನೀಲಿ ಬೆಳೆಸುವುದಕ್ಕಾಗಿ ಬಿಳಿಯ ತೋಟಗಾರರು ರೈತರನ್ನು ಹಿಂಸಿಸಿದಾಗ 1859ರಲ್ಲಿ ಬಂಗಾಳದ ರೈತರು ದಂಗೆ ಎದ್ದರು. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದೂ ಇದೇ ನೀಲಿಯ ಕಾರಣಕ್ಕೆ. ಆದರೆ ನನ್ನ ವಾದ ಇದಲ್ಲ. ಬಟ್ಟೆ ಎಲ್ಲಿಂದ ಬಂತು ಎಂಬುದಕ್ಕಿಂತ, ಅದು ಯಾರ ಮೈಮೇಲೆ ಹಳೆಯದಾಯಿತು ಎಂಬುದು ದೊಡ್ಡ ಪ್ರಶ್ನೆ ಅಂತ ನನಗೆ ಅನಿಸುತ್ತದೆ. ಈ ಪ್ರಶ್ನೆ ನನಗೆ ಹೊಳೆದದ್ದು ಈ ಬೇಸಗೆ ರಜೆಯಲ್ಲಿ, ಕೊಚ್ಚಿಯ ಪಾಲಾರಿವಟ್ಟಂನಲ್ಲಿ.

ಅಲ್ಲಿ ನನ್ನ ಅಣ್ಣ ಇನ್ನಿಬ್ಬರ ಜೊತೆ ಒಂದು ಮನೆ ಹಿಡಿದಿದ್ದಾನೆ. ಇಬ್ಬರಲ್ಲಿ ಒಬ್ಬರು ಬಳ್ಳಾರಿಯವರು, ಕಾಕ್ಕನಾಡಿನಲ್ಲಿ ಕಂಪ್ಯೂಟರ್ ಕೆಲಸ. ನಾನು ಅವರನ್ನು ಬಳ್ಳಾರಿ ಅಣ್ಣ ಎಂದೇ ಕರೆಯುವುದು. ಅವರ ಕಪಾಟಿನಲ್ಲಿ ಏಳು ಜೀನ್ಸ್ ಪ್ಯಾಂಟು. ಏಳೂ ನೋಡುವುದಕ್ಕೆ ಒಂದೇ ತರ: ಕಡುನೀಲಿ, ರಟ್ಟಿನ ಹಾಗೆ ಗಟ್ಟಿ. ನಿಲ್ಲಿಸಿದರೆ ತಾನೇ ನಿಂತೀತು! "ಇವು ಹೊಸತಾ ಹಳೆಯದಾ?" ಎಂದು ಕೇಳಿದೆ. "ಹಳೇದರ ಹೊಸ ನಕಲು ತಮ್ಮಾ" ಎಂದರು. ನನಗೆ ತಲೆಬುಡ ತಿಳಿಯಲಿಲ್ಲ.

ಅವರು ವಿವರಿಸಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ರೀನೋ ಊರಿನ ಜೇಕಬ್ ಡೇವಿಸ್ ಎಂಬ ದರ್ಜಿ, ಕೂಲಿಯವರ ಪ್ಯಾಂಟಿನ ಜೇಬು ಹರಿಯದಿರಲಿ ಎಂದು ಮೂಲೆಗಳಿಗೆ ಲೋಹದ ರಿವೆಟ್ ಹೊಡೆದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ. ಗಣಿಯವರು, ದನ ಕಾಯುವವರು, ರೈಲಿನ ಕೆಲಸದವರು ಅದನ್ನು ತೊಟ್ಟು ಸವೆಸಿದರು. ನೂರು ವರ್ಷದ ನಂತರ ಆ ಸವೆದ ಪ್ಯಾಂಟುಗಳಿಗೆ ಸಂಗ್ರಹಕಾರರು ಮುಗಿಬಿದ್ದರು. ಹಳೆಯವು ಸಿಗದಾದಾಗ ಜಪಾನಿನವರು ಹಳೆಯ ಕಾಲದ ರೀತಿಯಲ್ಲೇ ಹೊಸದಾಗಿ ಮಾಡತೊಡಗಿದರು. 1979ರಲ್ಲಿ ಆರಂಭವಾದ ಸ್ಟುಡಿಯೋ ಡಾರ್ಟಿಸಾನ್, ಆಮೇಲೆ ಎವಿಸು, ಫುಲ್‌ಕೌಂಟ್, ವೇರ್‌ಹೌಸ್, ಹೀಗೆ ಓಸಾಕಾದ ಸುತ್ತ ಹುಟ್ಟಿದ ಕಂಪೆನಿಗಳು. ಹಳೆಯ ಲಾಳಿ ಮಗ್ಗ, ಹಳೆಯ ನೂಲು, ಹಳೆಯ ಹೊಲಿಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನೂಲು ಉಳಿಸಲೆಂದು ಲೆವಿಸ್‌ನವರು ಹಿಂದಿನ ಜೇಬಿನ ಕಮಾನು ಹೊಲಿಗೆ ಬಿಟ್ಟು, ಆ ಗೆರೆಯನ್ನು ಬಣ್ಣದಲ್ಲಿ ಬಳಿದಿದ್ದರು. ಇವರು ಆ ವರ್ಷಗಳ ನಕಲಿಗೆ ಈಗಲೂ ಬಣ್ಣವನ್ನೇ ಬಳಿಯುತ್ತಾರೆ! ನಕಲಾದರೂ ಎಂಥ ನಿಷ್ಠೆ ನೋಡಿ.

ಒಂದರ ಬೆಲೆ ಕೇಳಿದೆ. ಹತ್ತೊಂಬತ್ತು ಸಾವಿರ. ನನ್ನ ಒಂದು ವರ್ಷದ ಬಸ್ಸು ಚಾರ್ಜು, ಊಟ, ಪುಸ್ತಕ ಎಲ್ಲ ಸೇರಿಸಿದರೂ ಅಷ್ಟಾಗುವುದೋ ಇಲ್ಲವೋ.

ಸುಳ್ಳು ಯಾಕೆ ಹೇಳಲಿ, ನಾನು ಒಳಗೊಳಗೇ ನಕ್ಕೆ. ಕೊಚ್ಚಿಯ ಸೆಖೆಯಲ್ಲಿ ಊರಿನವರೆಲ್ಲ ಮುಂಡು ಮಡಚಿ ಕಟ್ಟಿಕೊಂಡು ಗಾಳಿ ತೆಗೆದುಕೊಳ್ಳುತ್ತಿದ್ದರೆ, ಈ ಮನುಷ್ಯ ಒಂದು ಚದರ ಗಜಕ್ಕೆ ಹದಿನಾಲ್ಕು ಔನ್ಸ್ ತೂಗುವ ಬಟ್ಟೆಯೊಳಗೆ ಬೇಯುತ್ತಿದ್ದರು. ಬೇಗ ಒಗೆದರೆ ಬಣ್ಣ ಸಮನಾಗಿ ಹೋಗುತ್ತದೆ, ಮಡಿಕೆಯ ಗೆರೆ ಮೂಡುವುದಿಲ್ಲ ಅಂತ ತಿಂಗಳುಗಟ್ಟಲೆ ಒಗೆಯುವುದಿಲ್ಲ. ಮಳೆ ಹಿಡಿದರೆ ಬೂಷ್ಟು. ಅಣ್ಣ ಆ ಪ್ಯಾಂಟನ್ನು ಕೋಣೆಯಿಂದ ಹೊರಗೆ ನೇತುಹಾಕಿಸಿದ್ದ.

ಒಂದು ರಾತ್ರಿ ಧೈರ್ಯ ಮಾಡಿ ಕೇಳಿದೆ: "ಬಳ್ಳಾರಿಯವರಾಗಿ ಜಪಾನಿನ ಜೀನ್ಸ್ ಯಾಕೆ? ನಿಮ್ಮೂರೇ ಜೀನ್ಸಿನ ಊರಲ್ಲವಾ?"

ಅವರ ಉತ್ತರ ನನ್ನ ನಗುವನ್ನು ನಿಲ್ಲಿಸಿತು. "ಅದಕ್ಕೇ ತಮ್ಮಾ. ನಮ್ಮೂರಾಗ ಹಳೇದು ಮಾಡೋದೇ ಒಂದು ಕೆಲ್ಸ. ಬೆಳಿಗ್ಗೆ ಹೊಸ ಪ್ಯಾಂಟು ಒಳಗ ಹೋದ್ರೆ ಸಂಜೀಗೆ ಐದು ವರ್ಷದ ಹಳೇದು ಹೊರಗ ಬರ್ತದೆ. ನಮ್ಮಮ್ಮ ಮನೆಯಾಗ ಕೂತು ಪೀಸಿಗಿಷ್ಟು ಅಂತ ಹೊಲೀತಿದ್ಲು, ಮಾಮ ವಾಷಿಂಗಿನಾಗ ಇದ್ದ. ಒಂದಾದ್ರೂ ತಾನಾಗೇ ಹಳೇದಾಗೋದು ನೋಡಬೇಕು ಅನ್ನಿಸ್ತು."

ನಮ್ಮಲ್ಲಿ ಅನೇಕರಿಗೆ ಈ ಕೆಲಸದ ಕಲ್ಪನೆಯೇ ಇಲ್ಲ. ನಾವು ಅಂಗಡಿಯಲ್ಲಿ ಕೊಳ್ಳುವ ಮಾಸಲು ನೀಲಿಯ ಜೀನ್ಸಿನ ತೊಡೆಯ ಮೇಲಿನ ಬಿಳುಪು ತಾನಾಗಿ ಬಂದದ್ದಲ್ಲ. ಯಾರೋ ಒಬ್ಬ ಮರಳು ಕಾಗದ ಹಿಡಿದು ಉಜ್ಜಿದ್ದಾನೆ, ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸಿದ್ದಾನೆ, ಯಂತ್ರದಲ್ಲಿ ಹಗುರ ಕಲ್ಲುಗಳ ಜೊತೆ ಕುಲುಕಿಸಿದ್ದಾನೆ. ತೊಳೆದ ನೀಲಿ ನೀರು ಎಲ್ಲಿಗೆ ಹೋಗಬೇಕು ಎಂಬುದು ಬಳ್ಳಾರಿಯಲ್ಲಿ ಹಲವು ವರ್ಷಗಳ ಜಗಳ. ಟರ್ಕಿ ದೇಶದಲ್ಲಿ ಗಾಳಿಯ ಒತ್ತಡದಿಂದ ಮರಳನ್ನೇ ಬಟ್ಟೆಗೆ ಹೊಡೆಯುತ್ತಿದ್ದರು. ಆ ಮರಳಿನ ದೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಎಂಬ ರೋಗದಿಂದ ಹರೆಯದ ಕೆಲಸಗಾರರು ಸತ್ತರು. 2009ರಲ್ಲಿ ಅಲ್ಲಿನ ಸರಕಾರ ಅದನ್ನು ನಿಷೇಧಿಸಿತು. ಒಂದು ಪ್ಯಾಂಟು ಹಳೆಯದಾಗಿ ಕಾಣುವುದಕ್ಕಾಗಿ ಒಬ್ಬ ಮನುಷ್ಯ ಹಳೆಯನಾಗದೆ ಸತ್ತ. ಇದಕ್ಕಿಂತ ದೊಡ್ಡ ಅನ್ಯಾಯ ಬೇಕೆ?

ವಾಣಿಜ್ಯ ವಿದ್ಯಾರ್ಥಿಯಾದ್ದರಿಂದ ಸ್ವಲ್ಪ ಲೆಕ್ಕದ ಭಾಷೆಯಲ್ಲಿ ಹೇಳುತ್ತೇನೆ, ಸಾಹಿತ್ಯದ ಗೆಳೆಯರು ಕ್ಷಮಿಸಬೇಕು. ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಕಲಿತ ನನಗೆ ಡಿಪ್ರಿಸಿಯೇಷನ್ ಎಂಬ ಶಬ್ದ ಮೊದಲು ತಲೆಗೆ ಹೋಗಲೇ ಇಲ್ಲ. ಮಾಸ್ಟ್ರು "ಸವಕಳಿ ಮಾರಾಯ, ಸವಕಳಿ" ಎಂದ ಮೇಲೆ ಥಟ್ಟನೆ ತಿಳಿಯಿತು. ಯಂತ್ರವಾಗಲಿ ಲಾರಿಯಾಗಲಿ, ಬಳಸಿದಷ್ಟೂ ಸವೆಯುತ್ತದೆ. ಆ ಸವೆತವನ್ನು ವರ್ಷವರ್ಷವೂ ಬೆಲೆಯಿಂದ ಕಳೆಯಬೇಕು. ಕಳೆಯುವುದಕ್ಕೊಂದು ನ್ಯಾಯ ಉಂಟು: ಬಳಸಿದವನ ಖಾತೆಯಲ್ಲೇ ಅದು ಬರಬೇಕು.

ಅಣ್ಣನ ಮನೆಯ ಹತ್ತಿರವೇ ಪಾಲಾರಿವಟ್ಟಂ ಮೇಲ್ಸೇತುವೆ. 2016ರ ಅಕ್ಟೋಬರಿನಲ್ಲಿ ತೆರೆದ ಆ ಸೇತುವೆಯಲ್ಲಿ ಬಿರುಕು ಕಂಡು 2019ರ ಮೇ ತಿಂಗಳಲ್ಲಿ ಮುಚ್ಚಿದರು. ಮೇಲಿನ ಭಾಗ ಕಳಚಿ ಮತ್ತೆ ಕಟ್ಟಿ 2021ರ ಮಾರ್ಚಿನಲ್ಲಿ ತೆರೆದರು. ಮೂರು ವರ್ಷ ತುಂಬುವ ಮೊದಲೇ ಮುದಿಯಾದ ಸೇತುವೆಯನ್ನು ಕಂಡು ಯಾರೂ "ಆಹಾ, ಎಂಥ ಚೆಂದದ ಬಿರುಕು" ಎನ್ನಲಿಲ್ಲ, ಊರಿಗೆ ಊರೇ ಸಿಟ್ಟಾಯಿತು. ಜೀನ್ಸಿನ ಅಂಗಡಿಯಲ್ಲಿ ಮಾತ್ರ ನಮ್ಮ ಬುದ್ಧಿ ತಲೆಕೆಳಗಾಗುತ್ತದೆ. ಐದು ವರ್ಷದ ಸವಕಳಿಯನ್ನು ಮೊದಲೇ ಕಳೆದ ವಸ್ತುವನ್ನು ಹೊಸತರ ಬೆಲೆಗೆ, ಕೆಲವೊಮ್ಮೆ ಹೆಚ್ಚಿನ ಬೆಲೆಗೆ, ನಗುನಗುತ್ತಾ ಕೊಳ್ಳುತ್ತೇವೆ. ಸವಕಳಿ ಕಾಣುವುದು ನಮ್ಮ ತೊಡೆಯ ಮೇಲೆ, ಖರ್ಚು ಬೀಳುವುದು ಬಳ್ಳಾರಿಯವನ ಕೈಗೆ, ಟರ್ಕಿಯವನ ಎದೆಗೆ. ಯಾವ ಆಡಿಟರ್ ಈ ಲೆಕ್ಕ ಒಪ್ಪಿಯಾನು?

ಈ ದೃಷ್ಟಿಯಿಂದ ನೋಡಿದರೆ, ಒಗೆಯದ ಗಟ್ಟಿ ಜೀನ್ಸನ್ನು ಕೊಂಡು ತನ್ನದೇ ಮೊಣಕಾಲಿನಿಂದ ಸವೆಸುವ ಬಳ್ಳಾರಿ ಅಣ್ಣನದು ನಮ್ಮೆಲ್ಲರದಕ್ಕಿಂತ ಪ್ರಾಮಾಣಿಕ ಹುಚ್ಚು. ಸವಕಳಿ ಅವರದೇ ಖಾತೆಯಲ್ಲಿ ಉಂಟು. ಇಷ್ಟಕ್ಕೇ ಅವರನ್ನು ಹೊಗಳಿ ನಿಲ್ಲಿಸಲಾರೆ. ಏಳರಲ್ಲಿ ಅವರು ತೊಡುವುದು ಎರಡೇ. ಉಳಿದ ಐದು ಕಪಾಟಿನಲ್ಲಿ ಕರ್ಪೂರದ ಗುಳಿಗೆಯ ಜೊತೆ ಮಲಗಿವೆ. ಸವೆಯಲೆಂದೇ ಹುಟ್ಟಿದ ಬಟ್ಟೆಯನ್ನು ಸವೆಸದೆ ಇಡುವುದು, ಅಕ್ಕಿ ಮೂಟೆಯನ್ನು ಗೋದಾಮಿನಲ್ಲಿ ಅಡಗಿಸಿಟ್ಟ ಹಾಗೆ.

ಇನ್ನೊಂದು ಮಾತೂ ಉಂಟು. ಅವರು ಆಸೆಪಡುವ ಅಂಚನ್ನೇ ತೆಗೆದುಕೊಳ್ಳಿ. ಲಾಳಿ ಹೋಗಿ ತಿರುಗಿ ಬರುವಲ್ಲಿ ನೂಲು ಬಿಚ್ಚದ ಹಾಗೆ ತಾನಾಗಿ ಕಟ್ಟಿಕೊಳ್ಳುವ ಅಂಚು. ಕಾಲಿನ ತುದಿ ಮಡಚಿ ಅದನ್ನು ಲೋಕಕ್ಕೆ ತೋರಿಸುವುದೇ ಈ ಜೀನ್ಸಿನವರ ದೊಡ್ಡಸ್ತಿಕೆ. ತಿರುವನಂತಪುರದ ಹತ್ತಿರದ ಬಾಲರಾಮಪುರದಲ್ಲಿ ಕೈಮಗ್ಗದವರು ದಿನಾಲೂ ನೇಯುವ ಮುಂಡಿನ ಅಂಚೂ ಅದೇ ಜಾತಿಯದು. ನಮ್ಮ ಕಾಸರಗೋಡಿನ ಸೀರೆಯದ್ದೂ ಅದೇ. ಓಸಾಕಾದ ಅಂಚಿಗೆ ಹತ್ತೊಂಬತ್ತು ಸಾವಿರ ಕೊಡುವ ಕೈ ಬಾಲರಾಮಪುರದ ಅಂಚಿಗೆ ಚೌಕಾಶಿ ಮಾಡುತ್ತದೆ. ಬಳ್ಳಾರಿ ಅಣ್ಣನಿಗೆ ಇದನ್ನು ಹೇಳಿದಾಗ ಅವರು ಸುಮ್ಮನಾದರು. ಸುಮ್ಮನಾಗುವಷ್ಟು ಒಳ್ಳೆಯವರು.

ಹಳೆಯದನ್ನು ಪೂಜಿಸುವವರು ಹಳೆಯದರಲ್ಲಿ ಎಲ್ಲವನ್ನೂ ನಕಲು ಮಾಡುವುದಿಲ್ಲ ಎಂಬುದನ್ನೂ ಗಮನಿಸಬೇಕು. 2022ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಪಾಳುಬಿದ್ದ ಗಣಿಯಲ್ಲಿ ಸಿಕ್ಕಿದ 1880ರ ದಶಕದ ಒಂದು ಲೆವಿಸ್ ಪ್ಯಾಂಟು ಹರಾಜಿನಲ್ಲಿ 87 ಸಾವಿರ ಡಾಲರಿಗೂ ಮಿಕ್ಕಿ ಹೋಯಿತು. ಅದರ ಜೇಬಿನ ಒಳಬಟ್ಟೆಯ ಮೇಲೆ, ಇದು ಬಿಳಿಯ ಕೂಲಿಗಳಿಂದಲೇ ಮಾಡಿಸಿದ್ದು ಎಂಬ ಅರ್ಥದ ಸಾಲು ಅಚ್ಚಾಗಿತ್ತು. ಚೀನೀ ಕೂಲಿಗಳು ದೇಶಕ್ಕೆ ಬರದಂತೆ 1882ರಲ್ಲಿ ಕಾನೂನು ಮಾಡಿದ ಕಾಲ ಅದು. ಮೇಣದಬತ್ತಿಯ ಕಲೆಯನ್ನೂ ಬಿಡದೆ ಮೆಚ್ಚುವ ಕಣ್ಣಿಗೆ ಈ ಕಲೆ ಕಾಣಬೇಡವೇ?

ಈಗ ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಅಣ್ಣ ಬೈಕು ಒರೆಸುವುದಕ್ಕೆಂದು ಊರಿನಿಂದ ಅಪ್ಪನ ಒಂದು ಹಳೆಯ ಅಂಗಿ ಒಯ್ದಿದ್ದ. ಮದ್ದಿನ ಅಂಗಿ. ನಿಮಗೆ ಗೊತ್ತಲ್ಲ, ಅಡಿಕೆಯ ಕೊಳೆರೋಗಕ್ಕೆ ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಮದ್ದು ಬಿಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಪ್ಪ ಬೇರೆಯವರ ತೋಟಗಳಲ್ಲಿ ಮರ ಹತ್ತಿ ಮದ್ದು ಬಿಡುವವರು. ಆ ಅಂಗಿಯ ಎದೆ, ಮರ ತಬ್ಬಿ ತಬ್ಬಿ, ಬಲೆಯ ಹಾಗೆ ತೆಳ್ಳಗಾಗಿದೆ. ಬೆನ್ನು ಮಾತ್ರ ಇನ್ನೂ ಗಟ್ಟಿ. ಹೆಗಲಿನಿಂದ ತೋಳಿನವರೆಗೆ ಮೈಲುತುತ್ತಿನ ನೀಲಿ ಹಸಿರು ಕಲೆ, ಎಷ್ಟು ಒಗೆದರೂ ಹೋಗದ್ದು.

ಬಳ್ಳಾರಿ ಅಣ್ಣ ಒಂದು ದಿನ ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. "ಇಂಥದ್ದು ಜಪಾನಿನಾಗೂ ಮಾಡೋಕಾಗಲ್ಲ" ಎಂದರು. ಮೂರು ಸಾವಿರ ಕೊಡುತ್ತೇನೆ, ಚೌಕಟ್ಟು ಹಾಕಿಸಿ ಗೋಡೆಗೆ ಇಡುತ್ತೇನೆ ಎಂದರು. ನನಗೆ ಹೆಮ್ಮೆಯೂ ಆಯಿತು, ಯಾಕೋ ಅಳುವೂ ಬಂತು. ಅಪ್ಪನಿಗೆ ಫೋನ್ ಮಾಡಿದೆ.

"ಮೂರು ಸಾವಿರವಾ? ಆ ಹರಕು ಅಂಗಿಗಾ?" ಅಪ್ಪ ನಕ್ಕರು. "ಕೊಡು ಮಾರಾಯ, ಎಂತ ಆಲೋಚನೆ? ಆ ದುಡ್ಡಿಗೆ ಹೊಸತು ಆರು ಬರ್ತದೆ."

ನಾನು ಕೊಡಲಿಲ್ಲ. ಸರಿ ಮಾಡಿದೆನೋ ಇಲ್ಲವೋ ಗೊತ್ತಿಲ್ಲ. ಅಂಗಿ ಸವೆಸಿದವರು ಅಪ್ಪ, ಮಾರುವ ಹಕ್ಕೂ ಅವರದೇ. ಮೂರು ಸಾವಿರದ ಬೆಲೆ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಈಗಲೂ ಊಟಕ್ಕೆ ಕೂತಾಗ ಅದನ್ನೆತ್ತಿ ಬೈಯುತ್ತಾರೆ. ಆದರೆ ಮರ ತಬ್ಬದ ಎದೆಯ ಎದುರು ಆ ಎದೆಯ ಬಟ್ಟೆ ಚಿತ್ರವಾಗಿ ತೂಗುವುದನ್ನು ಊಹಿಸಿಕೊಂಡಾಗ ನನ್ನ ಕೈ ಮುಂದೆ ಹೋಗಲಿಲ್ಲ. ಬಳ್ಳಾರಿ ಅಣ್ಣನಿಗೆ ಹೇಳಿದೆ: "ಅಂಗಿ ಮಾರುವುದಕ್ಕಿಲ್ಲ. ಎರಡನೇ ಮದ್ದಿಗೆ ನಮ್ಮೂರಿಗೆ ಬನ್ನಿ. ಕಪಾಟಿನಲ್ಲಿರುವ ಐದರಲ್ಲಿ ಒಂದನ್ನು ಹಾಕಿಕೊಂಡು ಮದ್ದು ಕಲಸಿ, ಪೈಪು ಎಳೆಯಿರಿ. ಕಲೆ ಧರ್ಮಕ್ಕೆ ಸಿಗುತ್ತದೆ." ಬರುತ್ತೇನೆ ಎಂದಿದ್ದಾರೆ. ನೋಡಬೇಕು.

ಆದುದರಿಂದ ಗೆಳೆಯರೇ, ಜೀನ್ಸ್ ತೊಡಬೇಡಿ ಎಂದು ನಾನು ಹೇಳುವುದಿಲ್ಲ, ನಾನೂ ತೊಡುತ್ತೇನೆ. ಹತ್ತೊಂಬತ್ತು ಸಾವಿರದ್ದು ಕೊಳ್ಳಿ ಎಂದೂ ಹೇಳುವುದಿಲ್ಲ. ಮುಂದಿನ ಬಾರಿ ಅಂಗಡಿಗೆ ಹೋದಾಗ ಹರಿದದ್ದು, ಉಜ್ಜಿದ್ದು, ಮಾಸಿಸಿದ್ದು ಬೇಡ, ಕಡುನೀಲಿಯದೇ ಕೊಡಿ ಎನ್ನಿ. ಒಂದೇ ಕೊಳ್ಳಿ. ಅದನ್ನು ಹಾಕಿಕೊಂಡು ಬಸ್ಸಿಗೆ ಓಡಿ, ಗ್ರೌಂಡಿನಲ್ಲಿ ಕೂತುಕೊಳ್ಳಿ, ಮನೆಯಲ್ಲಿ ಸ್ವಲ್ಪ ಕೆಲಸ ಮಾಡಿ. ಹರಿದರೆ ಹೊಲಿಯಿರಿ. ನಿಮ್ಮ ಸವಕಳಿ ನಿಮ್ಮ ಖಾತೆಯಲ್ಲೇ ಇರಲಿ. ಸಂಜೆ ಬಳ್ಳಾರಿಯಲ್ಲಿ ಯಾರೋ ಒಬ್ಬ ಅಷ್ಟು ಬೇಗ ಕೈತೊಳೆದು ಮನೆಗೆ ಹೋದಾನು.