ಬೆಳೆಯುವ ನೆಲ, ಬೆಳೆಯದ ಮಕ್ಕಳು

“ಕೂಸು ಗಿಡ್ಡಾದರೇನಾಯಿತು? ತಾಯಿ-ತಂದೆ ಗಿಡ್ಡರಿದ್ದಾರೆ, ಅದು ವಂಶದ ಗುಣ” ಎಂಬ ಮಾತು ನಮ್ಮ ಸೊಲ್ಲಾಪುರ-ಅಕ್ಕಲಕೋಟೆಯ ಸೀಮೆಯಲ್ಲಿಯೂ ಕೇಳಿಬರುತ್ತದೆ. ಇದನ್ನು ನಾವು ಒಪ್ಪಲಾರೆವು. ವಿಶ್ವ ಆರೋಗ್ಯ ಸಂಸ್ಥೆಯು 1997ರಿಂದ 2003ರ ವರೆಗೆ ಭಾರತವೂ ಸೇರಿದಂತೆ ಆರು ದೇಶಗಳ ಮಕ್ಕಳನ್ನು ಅಳೆದು ನೋಡಿತು. ತಕ್ಕ ಆಹಾರ, ಆರೈಕೆಗಳು ದೊರೆತಲ್ಲಿ ಐದು ವರ್ಷದವರೆಗೆ ದಿಲ್ಲಿಯ ಮಕ್ಕಳೂ ನಾರ್ವೆಯ ಮಕ್ಕಳೂ ಹೆಚ್ಚುಕಡಿಮೆ ಒಂದೇ ಸಮನೆ ಬೆಳೆಯುವುದು ಕಂಡುಬಂದಿತು. ಹೀಗಿರಲು ನಮ್ಮ ಹೊಣೆಯನ್ನು ಹಣೆಬರಹದ ಮೇಲೆ ಹೊರಿಸುವುದು ನ್ಯಾಯವೇ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ, ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು 2005-06ರಲ್ಲಿ ನೂರಕ್ಕೆ 48, 2015-16ರಲ್ಲಿ 38.4, 2019-21ರಲ್ಲಿ 35.5. ಇಳಿಕೆ ನಿಧಾನವಾದರೂ ನಿಜ. ಆದರೆ ಮಹಾರಾಷ್ಟ್ರದಲ್ಲಿ ಕಡೆಯ ಎರಡು ಸಮೀಕ್ಷೆಗಳ ನಡುವೆ ಇದು 34.4ರಿಂದ 35.2ಕ್ಕೆ ಏರಿತು, ಎತ್ತರಕ್ಕೆ ತಕ್ಕ ತೂಕವಿಲ್ಲದವರ ಪ್ರಮಾಣ 25.6ರಲ್ಲಿಯೇ ನಿಂತಿತು. ಮಾಲದಂಡಿ ಜೋಳ, ತೊಗರಿ, ಶೇಂಗಾ ಬೆಳೆಯುವ ಸೀಮೆಯವರಾದ ನಾವು ಈ ಅಂಕಿಗಳ ಮುಂದೆ ತಲೆ ತಗ್ಗಿಸಬೇಕು.

ಗಿಡ್ಡತನವು ಬಹುಮಟ್ಟಿಗೆ ಗರ್ಭದಲ್ಲಿಯೂ ಮೊದಲಿನ ಎರಡು ವರ್ಷಗಳಲ್ಲಿಯೂ ನೆಲೆಗೊಳ್ಳುತ್ತದೆ. ಅದೇ 2019-21ರ ಸಮೀಕ್ಷೆಯಂತೆ ಮಹಾರಾಷ್ಟ್ರದ ಸ್ತ್ರೀಯರಲ್ಲಿ ನೂರಕ್ಕೆ 54 ಮಂದಿ ರಕ್ತಹೀನರು. ಬೀಡಿ ಕಟ್ಟಿ, ಕೂಲಿಗೆ ಹೋಗಿ, ಎಲ್ಲರೂ ಉಂಡ ಮೇಲೆ ಉಣ್ಣುವ ತಾಯಿಯಿಂದ ಕೂಸಿಗೆ ಕಸುವು ಎಲ್ಲಿಂದ ಬರಬೇಕು? ಇಂದು ನಮ್ಮ ವರ್ಗದಲ್ಲಿ ಕುಳಿತಿರುವ ಹುಡುಗಿಯೇ ನಾಳಿನ ತಾಯಿ. ಆದುದರಿಂದ ಶಾಲೆಯ ಊಟವು ಮುಂದಿನ ಪೀಳಿಗೆಯ ಊಟವೂ ಹೌದು.

ಆ ಊಟಕ್ಕೇ ಕತ್ತರಿ ಬಿದ್ದಿತು. 2023ರ ನವೆಂಬರಿನಲ್ಲಿ ಮಹಾರಾಷ್ಟ್ರ ಸರಕಾರವು ಶಾಲೆಯ ಮಕ್ಕಳಿಗೆ ವಾರಕ್ಕೊಂದು ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡಲು ಆಜ್ಞಾಪಿಸಿತು. 2025ರ ಜನವರಿಯಲ್ಲಿ, ಮೊಟ್ಟೆಗೆ ಹಣವಿಲ್ಲ, ಬೇಕಾದ ಶಾಲೆಗಳು ವಂತಿಗೆ ಎತ್ತಿಕೊಳ್ಳಲಿ ಎಂದಿತು. ಗಡಿಯಾಚೆ ಇಂಡಿ, ಅಫಜಲಪುರಗಳ ಕನ್ನಡ ಮಕ್ಕಳಿಗಾದರೋ, ಕರ್ನಾಟಕವು 2024ರಲ್ಲಿ ಒಂದು ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆಯ, ಇಲ್ಲವೆ ಬಾಳೆಹಣ್ಣು, ಶೇಂಗಾ ಚಿಕ್ಕಿಯ ಏರ್ಪಾಡು ಮಾಡಿತು. ಒಂದೇ ನುಡಿಯ ಕೂಸುಗಳ ತಾಟಿನಲ್ಲಿ ಗಡಿಗೆರೆ ಎಳೆಯುವುದು ಯಾವ ಧರ್ಮ? ವಂತಿಗೆ ಎತ್ತಬಲ್ಲ ಊರಿನ ಮಕ್ಕಳು ಮೊದಲೇ ಉಂಡವರು. ಎತ್ತಲಾರದ ಊರಿನಲ್ಲಿಯೇ ಹಸಿವಿರುವುದು.

ಕನ್ನಡ ಉಳಿಯಬೇಕೆಂದು ನಾವು ಸಭೆಗಳಲ್ಲಿ ಗುಡುಗುತ್ತೇವೆ. ಕನ್ನಡ ಕಲಿಯುವ ಕೂಸು ಉಂಡಿದೆಯೇ ಎಂದು ಕೇಳುವುದೂ ಕನ್ನಡದ ಕೆಲಸವೇ. ಶಿಕ್ಷಕಬಂಧುಗಳು ಪ್ರತಿಯೊಂದು ಮಗುವಿನ ಎತ್ತರ-ತೂಕಗಳನ್ನು ತಪ್ಪದೆ ಅಳೆದು ಬರೆದಿಡಲಿ. ಹುಡುಗಿಯರನ್ನು ಎಳೆವಯಸ್ಸಿನ ಮದುವೆಗೆ ಬಿಟ್ಟುಕೊಡದೆ ಶಾಲೆಯಲ್ಲಿ ಉಳಿಸಲಿ. ವಿದ್ಯಾರ್ಥಿಮಿತ್ರರು ಮನೆಯಲ್ಲಿ ತಾಯಿಗೆ ಕಡೆಯ ಪಂಕ್ತಿಯನ್ನು ತಪ್ಪಿಸಲಿ. ನಾವೆಲ್ಲರೂ ಕೂಡಿ, ಮೊಟ್ಟೆಯ ಹಣವನ್ನು ಬೊಕ್ಕಸದಿಂದಲೇ ಕೊಡಬೇಕೆಂದು ಸರಕಾರವನ್ನು ಕೇಳೋಣ. ಇದು ಭಿಕ್ಷೆಯಲ್ಲ, ಮಕ್ಕಳ ಹಕ್ಕು.